ಗಾಬರಿಯಕ್ಕ ನೀರಿಗಿಳಿದ ವರ್ಷ

ನಮ್ಮ ಸಮುದಾಯ ಕೇಂದ್ರದ ವಾರ್ಷಿಕ ವರದಿ ಬರೆಯುವುದು ನನ್ನ ಕೆಲಸ. ಯುವಜನರ ತಂಡಗಳು ಎಷ್ಟು, ಆರೋಗ್ಯದ ತರಗತಿಗಳಿಗೆ ಬಂದವರು ಎಷ್ಟು, ಅಂಗವಿಕಲ ಮಕ್ಕಳು ಉಳಿದವರ ಜೊತೆ ಯಾವ ಯಾವ ಕಾರ್ಯಕ್ರಮಗಳಲ್ಲಿ ಸೇರಿದರು, ಎಲ್ಲವೂ ಅದರಲ್ಲಿ ಇರುತ್ತದೆ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವವಳು ನಾನೊಬ್ಬಳೇ, ಅದೂ ಕಾಗುಣಿತ ತಿದ್ದಲಿಕ್ಕೆ.

ಈ ವರ್ಷದ ವರದಿಯ ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ: "ಜೊತೆ ಈಜು ತಂಡದಿಂದ ಒಬ್ಬ ಬಾಲಕಿ ಮುಖ್ಯ ತಂಡಕ್ಕೆ ಸೇರ್ಪಡೆ." ಅದನ್ನು ಎರಡು ಸಲ ಅಳಿಸಿ ಬರೆದೆ. ಏಕೆಂದು ಹೇಳಬೇಕಾದರೆ ಗಾಬರಿಯಕ್ಕನ ವಿಷಯ ಹೇಳಬೇಕು, ಮತ್ತು ಅವರ ವಿಷಯ ವರದಿಯಲ್ಲಿ ಒಂದಕ್ಷರವೂ ಇಲ್ಲ.

ಗಾಬರಿಯಕ್ಕ ಎಂದು ಹೆಸರಿಟ್ಟಿದ್ದು ಯುವಕರ ತಂಡದ ಕಿಡಿಗೇಡಿಗಳು. ಅವರಿಗೆ ಐವತ್ತೆರಡು ವರ್ಷ. ಇಪ್ಪತ್ತು ವರ್ಷ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು, ಸೊಂಟ ಹಿಡಿದುಕೊಂಡ ಮೇಲೆ ನಮ್ಮಲ್ಲಿಗೆ ಬಂದವರು. ಈಜುಕೊಳದ ಪಕ್ಕದ ಕೋಣೆಯಲ್ಲಿ ಎರಡು ವಾಷಿಂಗ್ ಮಷೀನು, ಒಂದು ಉದ್ದ ಮೇಜು, ದಿನಕ್ಕೆ ನೂರಿಪ್ಪತ್ತು ಟವೆಲು. ಅವರು ಮಡಿಸಿಟ್ಟ ಟವೆಲಿನ ಅಂಚಿಗೆ ಅಳತೆಗೋಲು ಇಟ್ಟು ನೋಡಬಹುದು. ಕೈ ಅಷ್ಟು ನಿಖರ, ಎದೆ ಮಾತ್ರ ಯಾವಾಗಲೂ ಢವಢವ.

ಅವರಿಗೆ ಲಿಫ್ಟ್ ಅಂದರೆ ಭಯ, ನಾಯಿ ಅಂದರೆ ಭಯ, ಸಹಿ ಹಾಕುವುದೆಂದರೆ ಭಯ. ಬಸ್ ರಿಪೇರಿ ಮಾಡುವ ಅವರ ಗಂಡ ಒಮ್ಮೆ ನನ್ನೆದುರಿಗೇ ಹೇಳಿದ್ದರು: "ಹಾಲು ಉಕ್ಕಿದ್ರೂ ಇವಳಿಗೆ ಬೆಂಕಿ ನಂದಿಸೋರನ್ನ ಕರೀಬೇಕು ಮೇಡಂ. ಆದ್ರೆ ಕರೆಯಲ್ಲ. ಫೋನ್ ಅಂದ್ರೂ ಭಯ!" ಗಾಬರಿಯಕ್ಕ ಗಂಡನ ಬೆನ್ನಿಗೆ ಒಂದು ಗುದ್ದಿ ತಾವೂ ನಕ್ಕಿದ್ದರು. ಚಿಕ್ಕಂದಿನಲ್ಲಿ ಏನೋ ಆಗಿರಬೇಕು ಎಂದು ನಮ್ಮ ನಿರ್ದೇಶಕಿ ಅವರನ್ನು ಕೂರಿಸಿಕೊಂಡು ಕೆದಕಿದ್ದೂ ಉಂಟು. ಏನೂ ಆಗಿರಲಿಲ್ಲ. ಕೆಲವರಿಗೆ ಹುಟ್ಟಿನಿಂದ ಸಿಹಿ ಸೇರುವುದಿಲ್ಲ, ಇವರಿಗೆ ಹುಟ್ಟಿನಿಂದ ಧೈರ್ಯ ಸೇರಲಿಲ್ಲ, ಅಷ್ಟೇ. ಎಲ್ಲದಕ್ಕೂ ಕಾರಣ ಹುಡುಕುವವರನ್ನು ಕಂಡರೆ ನನಗೆ ಸಿಟ್ಟು.

ಜೊತೆ ಈಜು ತಂಡಕ್ಕೆ ಒಂದು ಪದ್ಧತಿ ಇದೆ. ಅಂಗವಿಕಲ ಮಗು ನೀರಿಗಿಳಿಯುವಾಗ ಒಬ್ಬರು ಜೊತೆಗಾರರು ಕೈಯಳತೆಯಲ್ಲಿ ಇರಬೇಕು. ಜೊತೆಗಾರರನ್ನು ಆರಿಸುವುದು ದೊಡ್ಡವರಲ್ಲ, ಮಗು. ಮಗು ಯಾರ ಕೈ ಹಿಡಿಯಿತೋ ಅವರು ಇಲ್ಲ ಎನ್ನುವಂತಿಲ್ಲ. ನಿರ್ದೇಶಕಿಗೆ ಈ ನಿಯಮದ ಬಗ್ಗೆ ಬಹಳ ಹೆಮ್ಮೆ, ಎಲ್ಲಿ ಹೋದರೂ ಅದನ್ನೇ ಹೇಳಿಕೊಂಡು ಬರುತ್ತಾರೆ.

ವರ್ಷದ ಆರಂಭದಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿ ಬಂದಳು. ಹುಟ್ಟಿನಿಂದ ಕಣ್ಣು ಕಾಣದು. ಬಾಯಿ ಮಾತ್ರ ಎಂಥದ್ದೆಂದರೆ, ಮೂರೇ ದಿನದಲ್ಲಿ ಎಲ್ಲರೂ ಅವಳನ್ನು ಲಾಯರಮ್ಮ ಎಂದು ಕರೆಯತೊಡಗಿದರು. ಅವಳೆದುರು ಆರು ಮಂದಿ ಸ್ವಯಂಸೇವಕರನ್ನು ಸಾಲಾಗಿ ನಿಲ್ಲಿಸಿದೆವು. ಎಲ್ಲರೂ ಗಟ್ಟಿಮುಟ್ಟಾದ ಈಜುಗಾರರು. ಅವಳು ಒಬ್ಬೊಬ್ಬರ ಕೈ ಮುಟ್ಟಿ, "ನೀರಲ್ಲಿ ಭಯ ಆಗುತ್ತಾ?" ಎಂದು ಕೇಳುತ್ತ ಹೋದಳು. ಎಲ್ಲರದೂ ಒಂದೇ ಉತ್ತರ, ಭಯವಿಲ್ಲ, ನೀನೂ ಹೆದರಬೇಡ. ಅಷ್ಟರಲ್ಲಿ ಗಾಬರಿಯಕ್ಕ ಟವೆಲುಗಳ ಬುಟ್ಟಿ ಹೊತ್ತುಕೊಂಡು ಆ ದಾರಿಯಲ್ಲಿ ಬಂದರು. ಹುಡುಗಿ ಅವರ ಮುಂಗೈ ಹಿಡಿದಳು.

"ನಿಮ್ಗೆ ಭಯ ಆಗುತ್ತಾ?"

"ಅಯ್ಯೋ ಕಂದ, ಕೊಳದ ಪಕ್ಕ ಓಡಾಡೋಕೇ ನಂಗೆ ಕಾಲು ನಡುಗುತ್ತೆ. ನೋಡು, ಈಗ್ಲೂ ನಡುಗ್ತಿದೆ."

"ನಂಗೆ ಇವ್ರೇ ಬೇಕು," ಎಂದಳು ಲಾಯರಮ್ಮ.

ಗಾಬರಿಯಕ್ಕನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಈಜು ತರಬೇತುದಾರ ಬೇಡವೆಂದ, ನಾನು ಬೇಡವೆಂದೆ, ಹುಡುಗಿಯ ತಾಯಿಯೂ ಬೇಡವೆಂದರು. ಹುಡುಗಿ ನಿಯಮ ಹೇಳಿದಳು. ನಿರ್ದೇಶಕಿ ತಮ್ಮ ನಿಯಮಕ್ಕೆ ತಾವೇ ಸಿಕ್ಕಿಬಿದ್ದು ಒಪ್ಪಿಕೊಂಡರು. ಹೀಗೆ ಈಜಲು ಬಾರದ, ನೀರು ಕಂಡರೆ ಆಗದ ಹೆಂಗಸು ಈಜು ತಂಡಕ್ಕೆ ಸೇರುವುದು ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ಆಗಲಿಕ್ಕಿಲ್ಲ.

ಅವರು ಕಲಿತದ್ದು ಬೆಳಗಿನ ಹೊತ್ತು, ಮಂಡಿನೋವಿನ ಮುದುಕರು ನೀರಲ್ಲಿ ವ್ಯಾಯಾಮ ಮಾಡುವ ತರಗತಿಯ ಮೂಲೆಯಲ್ಲಿ. ಮೊದಲ ಒಂದು ವಾರ ಮೆಟ್ಟಿಲಿನ ಕಂಬಿ ಬಿಡಲಿಲ್ಲ. ಎರಡನೇ ವಾರ ಕಂಬಿ ಬಿಟ್ಟು ತರಬೇತುದಾರನ ಕೊರಳು ಹಿಡಿದರು, ಅವನ ಕೊರಳಲ್ಲಿ ಉಗುರಿನ ಗುರುತು ನಾನೇ ನೋಡಿದ್ದೇನೆ. ಪ್ರತಿದಿನ ನೀರಿಗಿಳಿಯುವ ಮುಂಚೆ ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿ ಬರುತ್ತಿದ್ದರು. "ಬಿಟ್ಬಿಡಿ ಅಕ್ಕ, ನಾನು ಹುಡುಗಿಗೆ ಹೇಳ್ತೀನಿ," ಎಂದರೆ, "ಆ ಮಗು ನನ್ ಕೈ ಹಿಡ್ಕೊಂಡ್ಬಿಡ್ತಲ್ಲ ಮೇಡಂ," ಎನ್ನುತ್ತಿದ್ದರು. ನಾಲ್ಕು ತಿಂಗಳಲ್ಲಿ ಕಪ್ಪೆಯ ಹಾಗೆ ಕೈಕಾಲು ಬಡಿಯುವ ಈಜು ಬಂತು. ತಲೆ ಮಾತ್ರ ಒಮ್ಮೆಯೂ ನೀರೊಳಗೆ ಹಾಕಲಿಲ್ಲ. ಗದ್ದ ಮೇಲೆತ್ತಿ, ಕಣ್ಣು ಹಿಗ್ಗಿಸಿ, ಆ ದಡ ಕಾಣುವವರೆಗೆ ಸಾವನ್ನೇ ಬೆನ್ನಿಗೆ ಕಟ್ಟಿಕೊಂಡವರಂತೆ ಈಜುತ್ತಿದ್ದರು. ಭಯ ಕಡಿಮೆಯಾಯಿತೇ ಎಂದರೆ ಆಗಲಿಲ್ಲ. ಒಂದು ಗುಲಗಂಜಿಯಷ್ಟೂ ಆಗಲಿಲ್ಲ.

ಆಮೇಲೆ ಇಬ್ಬರೂ ಜೊತೆಗಿಳಿದರು. ವಾರಕ್ಕೆ ಮೂರು ಮಧ್ಯಾಹ್ನ, ತರಬೇತುದಾರ ಹುಡುಗಿಗೆ ಈಜು ಕಲಿಸಿದ್ದೂ ಆಗಲೇ. ಗಾಬರಿಯಕ್ಕ ಈಜುತ್ತಲೇ ತಮ್ಮ ಪುಕ್ಕಲುತನವನ್ನೆಲ್ಲ ಬಾಯಿಬಿಟ್ಟು ಹೇಳುವುದು, ಹುಡುಗಿ ಕಿಲಕಿಲ ನಗುವುದು. "ಅಯ್ಯೋ, ಕಾಲಿಗೆ ನೆಲ ಸಿಗ್ತಿಲ್ಲ ಕಣೇ. ಹೊಟ್ಟೇಲಿ ತಳಮಳ. ಇನ್ನೂ ಎಷ್ಟು ದೂರ ಇದ್ಯೋ, ನನ್ ಕಥೆ ಮುಗೀತು." ಆ ಗೋಳು ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಯುವಕರ ತಂಡದವರು ದಡದಲ್ಲಿ ನಿಂತು ಅಣಕಿಸುತ್ತಿದ್ದರು. ಹುಡುಗಿ ಮಾತ್ರ ಹಗ್ಗಕ್ಕೆ ಸಮವಾಗಿ, ಗೆರೆ ಎಳೆದ ಹಾಗೆ ನೇರ ಈಜುತ್ತಿದ್ದಳು. ಸಾಲು ಗುರುತಿಸಲು ಕಟ್ಟಿದ್ದ ಆ ಹಗ್ಗವನ್ನು ತಡವಿಕೊಂಡು ಹೋಗುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು.

ವರ್ಷದ ಕೊನೆಗೆ ಲಾಯರಮ್ಮ ಮುಖ್ಯ ತಂಡಕ್ಕೆ ಸೇರುತ್ತೇನೆಂದು ಹಠ ಹಿಡಿದಳು. ಮುಖ್ಯ ತಂಡವೆಂದರೆ ಎಲ್ಲ ಮಕ್ಕಳೂ ಈಜುವ ತಂಡ. ಅದಕ್ಕೊಂದು ಪರೀಕ್ಷೆ ಇದೆ. ಕೊಳದ ಆಳವಿಲ್ಲದ ತುದಿಯಿಂದ ಆಳದ ತುದಿಯವರೆಗೆ ಇಪ್ಪತ್ತೈದು ಮೀಟರ್ ಈಜಬೇಕು. ಜೊತೆಗಾರರು ಪಕ್ಕದಲ್ಲಿ ಇರಬಹುದು, ಮುಟ್ಟುವಂತಿಲ್ಲ. ಬೆರಳು ತಾಗಿದರೂ ಅನುತ್ತೀರ್ಣ.

ಕೇಂದ್ರದ ಸಮಿತಿಯಲ್ಲಿ ಇಬ್ಬರು ಹಿರಿಯರು ಮೊದಲಿಂದಲೂ ಮೂಗು ಮುರಿಯುತ್ತಿದ್ದರು. ಕಣ್ಣಿಲ್ಲದ ಮಗುವಿಗೆ ನೀರೇಕೆ, ಹಾಡಿನ ತರಗತಿ ಇಲ್ಲವೇ ಎಂದು ಅವರ ವಾದ. ಪರೀಕ್ಷೆ ಕೆಟ್ಟರೆ ಹುಡುಗಿಯನ್ನು ಈಜಿನಿಂದಲೇ ತೆಗೆದು ಹಾಡಿಗೆ ಹಾಕುವುದೆಂದು ಬರವಣಿಗೆಯಲ್ಲೇ ತೀರ್ಮಾನವಾಯಿತು. ಆ ತೀರ್ಮಾನ ಟೈಪ್ ಮಾಡಿದವಳು ನಾನು. ಹುಡುಗಿಗೂ ಅದು ಗೊತ್ತಿತ್ತು. "ಹಾಡಿಗೆ ಹಾಕಿದ್ರೆ ನಾನು ಕೇಂದ್ರಕ್ಕೇ ಬರಲ್ಲ," ಎಂದಿದ್ದಳು.

ಪರೀಕ್ಷೆಯ ಮಧ್ಯಾಹ್ನ ಕೊಳದ ಪಕ್ಕ ಮೂವತ್ತು ಕುರ್ಚಿ ಹಾಕಿಸಿದ್ದೆ. ಸಮಿತಿಯವರು ಮುಂದಿನ ಸಾಲು, ಪೋಷಕರು ಹಿಂದೆ. ಗಾಜಿನ ಛಾವಣಿಯಿಂದ ಬಿಸಿಲು ನೇರ ನೀರಿಗೆ ಬೀಳುತ್ತಿತ್ತು. ಈ ತಂಡ ಶುರುವಾದದ್ದು ನನ್ನ ಓಡಾಟದಿಂದ, ಕೆಟ್ಟರೆ ನನ್ನ ತಲೆಗೇ ಬರುತ್ತದೆ. ಹುಡುಗಿಗೆ ಏನಾದರೂ ಆದರೆ? ಅದನ್ನು ಯೋಚಿಸಲಿಕ್ಕೂ ಆಗುತ್ತಿರಲಿಲ್ಲ. ಆ ಕಳವಳದಲ್ಲಿ ಟವೆಲು ಕೋಣೆಗೆ ಹೋದೆ. ಗಾಬರಿಯಕ್ಕ ಈಜುಡುಗೆ ಹಾಕಿಕೊಂಡು ಮೇಜಿನ ಅಂಚು ಹಿಡಿದು ನಿಂತಿದ್ದರು.

"ಅಕ್ಕ, ಇವತ್ತೊಂದು ದಿನ ನಿಮ್ಮ ಗೋಳು ಬೇಡ," ಎಂದೆ. "ಸಮಿತಿಯೋರು ಕೂತಿದ್ದಾರೆ. ಜೊತೆಗಿರೋರೇ ಸತ್ತೆ ಕೆಟ್ಟೆ ಅಂತ ಕೂಗಿದ್ರೆ ಅವ್ರು ಏನಂದ್ಕೋಬೇಕು? ಬಾಯಿಗೆ ಬೀಗ ಹಾಕ್ಕೊಂಡು ಈಜಿ. ಒಂದು ಸೊಲ್ಲೂ ಬರಬಾರದು."

"ಆಯ್ತು ಮೇಡಂ," ಎಂದರು ಅವರು. ಎಂದೂ ಎದುರಾಡಿದವರಲ್ಲ.

ತರಬೇತುದಾರ ಸೀಟಿ ಊದಿದ. ಇಬ್ಬರೂ ಹೊರಟರು. ಮೊದಲ ಹತ್ತು ಮೀಟರ್ ಹುಡುಗಿ ಅಚ್ಚುಕಟ್ಟಾಗಿ ಹೋದಳು. ಗಾಬರಿಯಕ್ಕ ತುಟಿ ಕಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತ ಅವಳ ಬಲಗಡೆ ಇದ್ದರು. ಇಷ್ಟು ಮೌನ ಆ ಕೊಳದಲ್ಲಿ ಒಂದು ದಿನವೂ ಇರಲಿಲ್ಲ.

ನೆಲ ಇಳಿಜಾರಾಗಿ ಆಳವಾಗುವ ಜಾಗದಲ್ಲಿ ಹುಡುಗಿಯ ಕೈ ನಿಧಾನವಾಯಿತು. ಎಡಕ್ಕೆ ತಿರುಗಿದಳು. ತಪ್ಪಾಯಿತೆಂದು ತಿಳಿದು ಬಲಕ್ಕೆ ತಿರುಗಿದಳು, ಅದು ಅರ್ಧ ಸುತ್ತಾಗಿ ಬಂದ ದಿಕ್ಕಿಗೇ ಮುಖವಾಯಿತು. ಇದ್ದಲ್ಲೇ ಕಾಲು ಬಡಿಯತೊಡಗಿದಳು. ಹಗ್ಗ ಒಂದು ಮಾರು ದೂರದಲ್ಲಿತ್ತು, ಅವಳು ಅದರ ಕಡೆ ಕೈಯನ್ನೂ ಚಾಚಲಿಲ್ಲ. ಆಗ ನನಗೆ ಹೊಳೆಯಿತು. ಅವಳು ಹಗ್ಗ ಹಿಡಿದು ಈಜಲು ಕಲಿತೇ ಇರಲಿಲ್ಲ. ಇಷ್ಟು ತಿಂಗಳೂ ಅವಳು ಈಜಿದ್ದು ಗಾಬರಿಯಕ್ಕನ ಗೋಳಿನ ಬೆನ್ನು ಹಿಡಿದು. ಅದನ್ನು ನಾನೇ ನಿಲ್ಲಿಸಿ ಬಂದಿದ್ದೆ.

"ಅಕ್ಕಾ?" ಎಂದಳು ಹುಡುಗಿ. ಬಾಯಿಗೆ ನೀರು ಹೋಗಿ ಕೆಮ್ಮಿದಳು. "ಅಕ್ಕಾ, ಎಲ್ಲಿದ್ದೀರಾ? ಮುಳುಗಿದ್ರಾ? ಯಾರಾದ್ರೂ ಅಕ್ಕನ್ನ ನೋಡ್ರೀ!"

ಅವಳ ದನಿ ಛಾವಣಿಗೆ ಬಡಿದು ನಾಲ್ಕೂ ಕಡೆಯಿಂದ ವಾಪಸಾಯಿತು. ತನ್ನ ಸಲುವಾಗಿ ಒಂದು ದಿನವೂ ಹೆದರದ ಹುಡುಗಿ ಅಕ್ಕ ಸತ್ತುಹೋದರೆಂದು ಹೆದರಿ ನೀರನ್ನು ಎರಡೂ ಕೈಯಿಂದ ಬಾಚುತ್ತಿದ್ದಳು. ಗದ್ದ ನೀರಿಗಿಳಿಯಿತು. ಮೂಗು ಇಳಿಯಿತು. ಮತ್ತೆ ಮೇಲೆ ಬಂತು. ತಾಯಿ ಕುರ್ಚಿ ಬೀಳಿಸಿಕೊಂಡು ಎದ್ದರು. ತರಬೇತುದಾರ ಅಂಚಿಗೆ ಬಂದು ಹಾರಲು ಬಗ್ಗಿದ. ಗಾಬರಿಯಕ್ಕನ ಕೈ ಚಾಚಿತ್ತು, ಹುಡುಗಿಯ ಭುಜಕ್ಕೂ ಅದಕ್ಕೂ ನಾಲ್ಕು ಬೆರಳು ಅಂತರ. ಮುಟ್ಟಿದರೆ ಎಲ್ಲ ಮುಗಿಯಿತು, ಮುಟ್ಟದಿದ್ದರೆ ಏನಾಗುತ್ತದೋ. ಅವರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ನೀರಿನ ಮಧ್ಯೆ, ಪ್ರಾಣಭಯದಲ್ಲಿ, ಆ ಹೆಂಗಸು ಬಾಯಿ ತೆರೆಯಲು ನನ್ನ ಅಪ್ಪಣೆ ಕಾಯುತ್ತಿದ್ದರು.

ನಾನು ಕುರ್ಚಿಗಳ ಮಧ್ಯದಿಂದ ಕಿರುಚಿದೆ. "ಮಾತಾಡಿ ಅಕ್ಕ! ಮಾತಾಡಿ!"

"ಇಲ್ಲೇ ಇದ್ದೀನಿ ಕಣೇ!" ಅವರ ದನಿ ಒಡೆದುಹೋಗಿತ್ತು. "ಸತ್ತಿಲ್ಲ, ಸಾಯೋ ಹಾಗಾಗಿದೆ ಅಷ್ಟೆ. ಈ ಕಡೆ ತಿರುಗು. ಭಯ ಆಗ್ತಿದೆ ಕಂದ, ತುಂಬಾ ಭಯ ಆಗ್ತಿದೆ. ಕಾಲಡಿ ಏನೂ ಇಲ್ಲ. ಎದೆ ಒಡ್ದು ಹೋಗುತ್ತೆ ಅನ್ಸ್ತಿದೆ. ಬಾ, ನನ್ ಜೊತೆ ಬಾ, ಒಬ್ಳೇ ಹೋಗೋಕೆ ನಂಗಾಗಲ್ಲ."

ಹುಡುಗಿಯ ತಲೆ ಆ ದನಿಯ ಕಡೆ ತಿರುಗಿತು. ಎರಡು ಸಲ ಕೆಮ್ಮಿದಳು. ಆಮೇಲೆ ಕೈ ಚಾಚಿ ನೀರು ಸೀಳಿದಳು. ಉಳಿದ ಹದಿನೈದು ಮೀಟರ್ ಗಾಬರಿಯಕ್ಕ ಅಳುತ್ತಲೇ ಮಾತಾಡಿದರು. ಹುಡುಗಿಯ ಅಂಗೈ ಆಳದ ತುದಿಯ ಗೋಡೆಗೆ ಫಟ್ಟನೆ ಬಡಿದ ಸದ್ದು ಕೇಳುವವರೆಗೆ ನಾನು ಕುರ್ಚಿಗಳ ಮಧ್ಯೆ ನಿಂತೇ ಇದ್ದೆ.

ಸಮಿತಿಯ ಹಿರಿಯರೊಬ್ಬರು ನಿಯಮಪುಸ್ತಕ ತಿರುವಿದರು. ಮುಟ್ಟಬಾರದೆಂದು ಇತ್ತು, ಮಾತಾಡಬಾರದೆಂದು ಇರಲಿಲ್ಲ. ಸಹಿ ಬಿತ್ತು. ಈಗ ಮುಖ್ಯ ತಂಡ ಈಜುವಾಗ ಗಾಬರಿಯಕ್ಕ ದಡದ ಮೇಲೆ ಅವಳ ಸಮಕ್ಕೆ ನಡೆಯುತ್ತ ಗೋಳಾಡುತ್ತಾರೆ. ನೀರಲ್ಲಿದ್ದಾಗ ತಮ್ಮ ಜೀವದ ಭಯ ಒಂದೇ ಇತ್ತಂತೆ, ದಡದಲ್ಲಿ ನಿಂತರೆ ಮಗುವಿನದೂ ಸೇರಿ ಎರಡು ಪಟ್ಟಂತೆ.

ಆ ಮಧ್ಯಾಹ್ನ ಎಲ್ಲರೂ ಗಾಬರಿಯಕ್ಕನನ್ನು ಸುತ್ತುವರಿದಿದ್ದಾಗ ಹುಡುಗಿ ಬೆಂಚಿನ ಮೇಲೆ ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಅವಳ ಹೆಗಲಿಗೆ ಟವೆಲು ಹೊದಿಸಿದೆ.

"ಅಕ್ಕನಿಗೆ ಮಾತಾಡ್ಬೇಡಿ ಅಂತ ಯಾರಂದ್ರು?" ಎಂದಳು.

ತರಬೇತುದಾರನ ಹೆಸರು ಹೇಳಿಬಿಡಬಹುದಿತ್ತು. ಸಮಿತಿಯ ಮೇಲೆ ಹಾಕಿದ್ದರಂತೂ ಎಲ್ಲರೂ ನಂಬುತ್ತಿದ್ದರು. "ನಾನು," ಎಂದೆ.

"ಯಾಕೆ?"

ಬಾಯಿಗೆ ಬಂದದ್ದು ವರದಿಯ ಭಾಷೆ. ಶಿಸ್ತು, ಅತಿಥಿಗಳು, ಕಾರ್ಯಕ್ರಮದ ಹಿತದೃಷ್ಟಿ. ಅವಳು ನನ್ನ ಕೈ ತಡವಿ ಹಿಡಿದಳು.

"ನಿಮ್ ಕೈ ಅಕ್ಕನ್ ಕೈಗಿಂತ ಜಾಸ್ತಿ ನಡುಗ್ತಿದೆ," ಎಂದಳು. "ಅದನ್ನೇ ಮೊದ್ಲು ಹೇಳಿದ್ರೆ ನಿಮ್ಮನ್ನೂ ಜೊತೆಗೆ ಕರ್ಕೊಂಡು ಹೋಗ್ತಿದ್ವಲ್ಲ ಮೇಡಂ."