ಅಕ್ಕನಿಗಾಗಿ ಮಾಡಿದ ಹನ್ನೊಂದು ಬಟನ್

ಎರಡು ಸಾವಿರದ ನಾಲ್ಕರಲ್ಲಿ ನಾನು ಸೇರಿದ ಆಫೀಸು ಬಸವೇಶ್ವರನಗರದ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿತ್ತು. ವಿದೇಶದ ಹಳೆಯ ಕಾನೂನು ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿಗೆ ಕಳಿಸುತ್ತಿದ್ದರು. ಕಂಪ್ಯೂಟರ್ ಆ ಪುಟಗಳನ್ನು ಓದಿ ಅಕ್ಷರ ಮಾಡಿ ಕೊಡುತ್ತಿತ್ತು, ಆದರೆ ಅರೆಬರೆ ಓದುತ್ತಿತ್ತು. ಮುರಿದ ಸಾಲುಗಳನ್ನು ಕೂಡಿಸುವುದು, ಪುಟದ ತುದಿಯಲ್ಲಿ ಎರಡಾದ ಪದಗಳನ್ನು ಒಂದು ಮಾಡುವುದು, ಅಡಿಟಿಪ್ಪಣಿಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು ನಮ್ಮ ಕೆಲಸ. ಹನ್ನೆರಡು ಜನರಲ್ಲಿ ನನಗೊಬ್ಬಳಿಗೆ ಅಷ್ಟಿಷ್ಟು ಪ್ರೋಗ್ರಾಂ ಬರೆಯಲು ಬರುತ್ತಿತ್ತು.

ನನ್ನ ಪಕ್ಕದ ಮೇಜಿನವರು ಎಲ್ಲರಿಗಿಂತ ಹಿರಿಯರು, ಐವತ್ತರ ಹತ್ತಿರದವರು. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಕರಡು ತಿದ್ದಿ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಹೆಗ್ಗನಹಳ್ಳಿಯಲ್ಲಿ ತಂಗಿಯ ಜೊತೆ ಬಾಡಿಗೆ ಮನೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು.

ಅಕ್ಕನಿಗೆ ಸಂಧಿವಾತ. ಬೆಳಿಗ್ಗೆ ಬಂದವರು ಬೆರಳುಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡೇ ಕೀಬೋರ್ಡ್ ಮುಟ್ಟುತ್ತಿದ್ದರು. ನಾವು ಬಳಸುತ್ತಿದ್ದ ಟೆಕ್ಸ್ಟ್ ಎಡಿಟರಿನಲ್ಲಿ ಪ್ರತಿಯೊಂದಕ್ಕೂ ಎರಡು ಮೂರು ಕೀ ಒಟ್ಟಿಗೆ ಒತ್ತಬೇಕಿತ್ತು. ಒಂದು ದಿನ ಅವರು ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ತುದಿಯಿಂದ ಮೂರನೆಯ ಕೀ ಒತ್ತುತ್ತಿದ್ದುದನ್ನು ಕಂಡೆ.

"ತುಂಬಾ ನೋವಾ ಅಕ್ಕ?"

"ಒಂದೊಂದೇ ಒತ್ತೋದಾದ್ರೆ ತಡ್ಕೊಬೋದು. ಒಟ್ಟಿಗೆ ಒತ್ತೋದಿದೆಯಲ್ಲ, ಅದು ಪ್ರಾಣ ತೆಗೆಯುತ್ತೆ ಕಣೇ. ಮೌಸ್ ಆದ್ರೆ ಹೇಗೋ ಅಂಗೈಯಲ್ಲೇ ತಳ್ತೀನಿ."

ಆ ಎಡಿಟರಿನ ನೆತ್ತಿಯಲ್ಲಿ ಚಿಕ್ಕ ಚಿಕ್ಕ ಚಿತ್ರಗಳ ಸಾಲೊಂದಿತ್ತು: ಕತ್ತರಿ, ಫ್ಲಾಪಿ, ಪ್ರಿಂಟರ್. ಅವು ನಮಗೆ ಉಪಯೋಗವಿಲ್ಲದವು. ಆದರೆ ಆ ಎಡಿಟರನ್ನು ಪ್ರೋಗ್ರಾಂ ಬರೆದು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದಿತ್ತು. ಆ ಚಿತ್ರಗಳನ್ನೆಲ್ಲ ಕಿತ್ತು, ಅಕ್ಕ ದಿನವಿಡೀ ಮಾಡುವ ಕೆಲಸಗಳಿಗೆ ಒಂದೊಂದು ಬಟನ್ ಕೂರಿಸಿದರೆ ಹೇಗೆ ಎಂದುಕೊಂಡೆ.

ಎರಡು ವಾರ ಊಟದ ಹೊತ್ತಿನಲ್ಲಿ ಅವರನ್ನು ಕೂರಿಸಿಕೊಂಡು ಕೇಳಿದೆ. ಮೊದಲು ಏನು ನೋಡ್ತೀರಿ, ಆಮೇಲೆ ಏನು ಮಾಡ್ತೀರಿ? ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದನ್ನೂ ಪ್ರೋಗ್ರಾಂ ಮಾಡಿದೆ. ಬಟನ್ನಿನ ಚಿತ್ರಗಳನ್ನೂ ನಾನೇ ಬರೆಯಬೇಕಿತ್ತು. ಅಡ್ಡಕ್ಕೆ ಇಪ್ಪತ್ತನಾಲ್ಕು ಚುಕ್ಕಿ, ಉದ್ದಕ್ಕೆ ಇಪ್ಪತ್ತನಾಲ್ಕು, ಯಾವ ಚುಕ್ಕಿಗೆ ಯಾವ ಬಣ್ಣ ಎಂದು, ಒಂದು ಬಣ್ಣಕ್ಕೆ ಒಂದು ಅಕ್ಷರದಂತೆ ಟೈಪ್ ಮಾಡಬೇಕು. ಅಕ್ಕ ಬಗ್ಗಿ ನೋಡಿ, "ಅಯ್ಯೋ, ರಂಗೋಲಿ ಅಲ್ವೇನೇ ಇದು! ನಂಗೆ ಬರುತ್ತೆ, ನೀನು ತುಂಬ್ತಾ ಹೋಗು" ಎಂದರು. ಅವರು ಹೇಳಿದರು, ನಾನು ತುಂಬಿದೆ. ಅಡಿಟಿಪ್ಪಣಿಗೆ ಪುಟ್ಟ ಪಾದ. ಪದ ಕೂಡಿಸಲು ಸೂಜಿ. ಹೀಗೆ ಹನ್ನೊಂದಾದವು.

ಆಮೇಲಿನ ಮೂರು ತಿಂಗಳು ಅಕ್ಕ ಎಲ್ಲರಿಗಿಂತ ಹೆಚ್ಚು ಪುಟ ಮುಗಿಸಿದರು. ನನಗೆ ಡಬ್ಬಿಯಲ್ಲಿ ಗೊಜ್ಜವಲಕ್ಕಿ ತರುತ್ತಿದ್ದರು.

ಮಾಲೀಕರಿಗೆ ಅದು ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಬಂದು ಅಕ್ಕನ ಕುರ್ಚಿಯ ಹಿಂದೆ ನಿಂತರು.

"ಏನಮ್ಮ ಇದು, ಮೇಲೆ?"

ನಾನು ಎದ್ದು ನಿಂತು ಎಲ್ಲ ಬಟನ್‌ಗಳನ್ನೂ ತೋರಿಸಿದೆ. ಹೊಗಳಿಸಿಕೊಳ್ಳುವ ಆಸೆ. ಆ ಹುರುಪಿನಲ್ಲೇ, "ಇದಿದ್ರೆ ಯಾರು ಬೇಕಾದ್ರೂ ಮಾಡ್ಬೋದು ಸಾರ್, ಒಂದೇ ದಿನದಲ್ಲಿ ಕಲೀಬೋದು" ಎಂದುಬಿಟ್ಟೆ. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಆಗಲೂ ಅರ್ಥವಾಗಲಿಲ್ಲ.

ಆ ಶನಿವಾರ ಮಾಲೀಕರು ಹೇಳಿದಂತೆ ಎಲ್ಲ ಕಂಪ್ಯೂಟರುಗಳಿಗೂ ಅದೇ ಬಟನ್ ಸಾಲನ್ನು ಹಾಕಿದೆ. ತಿಂಗಳೊಳಗೆ ಆಗಷ್ಟೇ ಪಿಯುಸಿ ಮುಗಿಸಿದ ಮೂವರು ಹುಡುಗಿಯರು ಬಂದರು. ಮಾಲೀಕರು ಅಕ್ಕನನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸಿತು. "ನೀವಿನ್ನು ಆರೋಗ್ಯ ನೋಡ್ಕೊಳ್ಳಿ ಮೇಡಂ. ಈ ಕೈ ಇಟ್ಕೊಂಡು ಎಷ್ಟು ದಿನ ಅಂತ ಒದ್ದಾಡ್ತೀರಿ?"

ಅಕ್ಕ ಹೊರಗೆ ಬಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಜಿಪ್ ಎಳೆಯಲು ಬೆರಳು ಹಿಡಿಯಲಿಲ್ಲ, ಹಾಗೇ ಬಿಟ್ಟರು. "ಬರ್ತೀನಿ ಕಣೇ" ಎಂದರು. ನಾನು ಏಳಲಿಲ್ಲ. ಎದ್ದರೆ ನನ್ನನ್ನೂ ಕಳಿಸುತ್ತಾರೆಂಬ ಭಯವಿರಲಿಲ್ಲ, ನನ್ನ ಅಗತ್ಯ ಮಾಲೀಕರಿಗಿತ್ತು. ಆದರೂ ಸ್ಕ್ರೀನ್ ನೋಡುತ್ತ ಕೂತೆ.

ಹೊಸ ಹುಡುಗಿಯರು ಚುರುಕಾಗಿದ್ದರು, ಪಟಪಟನೆ ಒತ್ತಿದರು. ಒಂದು ಪುಟದ ಅಡಿಟಿಪ್ಪಣಿ ಮುಂದಿನ ಪುಟಕ್ಕೆ ಹರಿದಾಗ ಅದನ್ನು ಹೇಗೆ ಗುರುತಿಸಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನ್ನ ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಅಕ್ಕ ಅದನ್ನು ಕಣ್ಣಲ್ಲೇ ಹಿಡಿಯುತ್ತಿದ್ದರು. ಒಬ್ಬ ನ್ಯಾಯಾಧೀಶರ ಮಾತು ಇನ್ನೊಬ್ಬರ ತೀರ್ಪಿನೊಳಗೆ ಸೇರಿಕೊಂಡು, ಇಡೀ ಸಂಪುಟ ವಾಪಸ್ ಬಂತು.

"ಹೋಗಿ ಕರ್ಕೊಂಡ್ ಬಾಮ್ಮ ಅವರನ್ನ. ಬರ್ದೇ ಇದ್ರೆ ಕೇಳಿ ಬರ್ಕೊಂಡಾದ್ರೂ ಬಾ" ಎಂದರು ಮಾಲೀಕರು.

ಹೆಗ್ಗನಹಳ್ಳಿಯ ಮನೆ ಹುಡುಕಿಕೊಂಡು ಹೋದೆ. ತಂಗಿ ಬಾಗಿಲು ತೆಗೆದರು. ಅಕ್ಕ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ಬೆರಳುಗಳು ಒಂದೇ ಕಡೆಗೆ ವಾಲಿ, ಗಂಟುಗಳು ಎದ್ದಿದ್ದವು.

"ಕೆಲ್ಸ ಹೋದ್ಮೇಲೆ ಮಾತ್ರೆ ಬಿಟ್ಬಿಟ್ರು" ಎಂದರು ತಂಗಿ. "ಯಾರಿಗೋಸ್ಕರ ಕೈ ಸರಿ ಮಾಡ್ಕೊಳ್ಲಿ ಅಂತಾರೆ."

ಕಾಫಿ ಬಂತು. ಅಕ್ಕ ಲೋಟವನ್ನು ಎರಡು ಮುಂಗೈಗಳ ನಡುವೆ ಒತ್ತಿ ಹಿಡಿದು ಕುಡಿದರು. ನಾನು ಬಂದ ಕಾರಣ ಹೇಳಿದೆ. ಬರಲಾಗದಿದ್ದರೂ ಪರವಾಗಿಲ್ಲ, ಯಾವಾಗ ಯಾವ ಬಟನ್ ಒತ್ತಬಾರದು ಅಂತ ಹೇಳಿದರೆ ಸಾಕು ಎಂದೆ. ಹೇಳುತ್ತ ಹೇಳುತ್ತಲೇ ಚೀಲದಿಂದ ನೋಟ್‌ಬುಕ್ ತೆಗೆದಿದ್ದೆ.

ಅಕ್ಕ ಅದನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈ ಸಲ ಹೇಳಲ್ಲ ಕಣೇ."

ನಾನು ನೋಟ್‌ಬುಕ್ಕನ್ನು ಒಳಗಿಟ್ಟೆ. ಸುಂಕದಕಟ್ಟೆಯ ಬಸ್‌ಸ್ಟಾಪಿನವರೆಗೆ ನಡೆದು ಬಂದ ಮೇಲೆ, ಕ್ಷಮೆ ಕೇಳಲೇ ಇಲ್ಲ ಎಂಬುದು ಹೊಳೆಯಿತು. ವಾಪಸ್ ಹೋಗಬಹುದಿತ್ತು, ಹತ್ತು ನಿಮಿಷದ ದಾರಿ. ಬಸ್ಸು ಬಂತು, ಹತ್ತಿದೆ. ಮಾಲೀಕರಿಗೆ ಮನೆಗೆ ಬೀಗ ಹಾಕಿತ್ತು ಎಂದು ಸುಳ್ಳು ಹೇಳಿದೆ.

ಮುಂದಿನ ಸಂಪುಟವೂ ವಾಪಸ್ ಬಂದು, ವರ್ಷ ತುಂಬುವುದರೊಳಗೆ ಆಫೀಸು ಮುಚ್ಚಿತು. ಆ ಮೂವರು ಹುಡುಗಿಯರು ಎಲ್ಲಿ ಹೋದರೋ ತಿಳಿಯದು. ನನಗೆ ಕೆಂಗೇರಿಯ ಕಡೆ ಕೆಲಸ ಸಿಕ್ಕಿತು.

ಎರಡು ವರ್ಷದ ಮೇಲೆ ವಿಜಯನಗರದ ಬಸ್‌ಸ್ಟಾಂಡಿನಲ್ಲಿ ಅಕ್ಕನ ತಂಗಿ ಸಿಕ್ಕರು. ನಾನೇ ಗುರುತು ಹೇಳಿಕೊಂಡೆ. ಅಕ್ಕ ತೀರಿಹೋಗಿ ಏಳು ತಿಂಗಳಾಗಿತ್ತು. ಕೊನೆಗೆ ಊಟವನ್ನೂ ತಂಗಿಯೇ ಮಾಡಿಸಬೇಕಿತ್ತಂತೆ.

"ನನ್ನ ವಿಷ್ಯ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದೆ.

ಅವರು ನೆನಪಿಸಿಕೊಳ್ಳಲು ನೋಡಿದರು. "ಇಲ್ಲಮ್ಮ" ಎಂದರು. "ಆಫೀಸಿನ್ ಮಾತೇ ಎತ್ತುತ್ತಿರ್ಲಿಲ್ಲ."