ದುರುಗವ್ವನ ಬಲಗೈ ತಣ್ಣಗಾದದ್ದು

ಯಲಬುರ್ಗಾ ಬಸ್ ನಿಲ್ದಾಣದ ಹಿಂದೆ ರೊಟ್ಟಿ ಅಂಗಡಿ ಇಟ್ಟಿರುವ ದುರುಗವ್ವನಿಗೆ ಒಂದು ಸಣ್ಣ ಚಾಳಿ ಇತ್ತು. ಮೈಗೆ ಸೆಕೆ ಏರಿದಾಗ ಕೈಗೆ ಎಟುಕಿದ್ದಕ್ಕೆ ಒಂದೇಟು ಹಾಕುವುದು. ಅಷ್ಟೇ. ಆದರೆ ಮೂವತ್ತು ವರ್ಷ, ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿದ ಕೈ ಅದು. ಅಂಥ ಕೈಯ ಚಾಳಿ ಚಾಳಿಯಾಗಿ ಉಳಿಯುವುದಿಲ್ಲ, ಪುರಾಣವಾಗುತ್ತದೆ.

ಆ ಕೈ ಹಿಟ್ಟಿನ ಮೇಲೆ ಬಿದ್ದರೆ ಎದುರಿನ ಚಹಾದಂಗಡಿಯ ಕಪ್ಪು-ಬಸಿಗಳು ತಾವಾಗಿ ಕುಣಿಯುತ್ತಿದ್ದವು. ಇಂಜಿನ್ನಿನಲ್ಲಿ ಏನೋ ಬಡಿಯುತ್ತಿದೆ ಎಂದು ಕುಷ್ಟಗಿ ಬಸ್ಸಿನ ಚಾಲಕ ಮೂರು ಸಲ ಬಾನೆಟ್ ಎತ್ತಿ ನೋಡಿದ್ದ. ಕಪ್ಪು ಭೂಮಿಯ ಬಿರುಕುಗಳಲ್ಲಿದ್ದ ಹಾವುಗಳೆಲ್ಲ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಕೊಪ್ಪಳದ ಕಡೆ ಹೋದವು ಎನ್ನುವವರೂ ಇದ್ದಾರೆ. ಹೋಗುವಾಗ ಕಂಡವರು ಯಾರೂ ಇಲ್ಲ, ಆದರೆ ಈಗ ಅಲ್ಲಿ ಹಾವಿಲ್ಲ ಎಂಬುದು ನಿಜ.

ಆ ಕೈ ಜೀವಿಗಳ ಮೇಲೆ ತಿರುಗಿದ್ದು ದುರುಗವ್ವನಿಗೆ ನಲವತ್ತೊಂಬತ್ತು ತುಂಬಿದ ಮೇಲೆ. ಮುಟ್ಟು ತಿಂಗಳು ತಪ್ಪಿತು, ಮೂರು ತಿಂಗಳು ತಪ್ಪಿತು, ಕೊನೆಗೆ ನಿಂತೇಹೋಯಿತು. ಅದು ಖಾಲಿ ಮಾಡಿದ ಜಾಗಕ್ಕೆ ಬೆಂಕಿ ಬಂದು ಕೂತಿತು. ದಿನಕ್ಕೆ ಏಳೆಂಟು ಸಲ ಎದೆಯಿಂದ ಎದ್ದ ಉರಿ ಕುತ್ತಿಗೆ, ಕೆನ್ನೆ, ನೆತ್ತಿಯವರೆಗೆ ಏರುತ್ತಿತ್ತು. ಹಣೆಯಲ್ಲಿ ಬೆವರು ಮೂಡುತ್ತಿತ್ತು. ಆ ಹೊತ್ತಿನಲ್ಲಿ ಪಕ್ಕದಲ್ಲಿದ್ದವರ ಆಯುಷ್ಯ ಅವರವರ ಓಟದ ಮೇಲೆ ನಿಂತಿರುತ್ತಿತ್ತು. ಮೊದಲ ವರ್ಷದ ರಣರಂಗದಲ್ಲಿ ಬಿದ್ದವರು: ಎರಡು ಕಟ್ಟಿಗೆ ಮಣೆ, ಅಂಗಡಿಯ ತಗಡಿನ ಬಾಗಿಲು, ಹಿಟ್ಟಿಗೆ ಬಾಯಿ ಹಾಕಿದ ಒಂದು ಹೋತ, ಮತ್ತು ಗಂಡ ಹುಲಗಪ್ಪ, ಮೂರು ಸಲ. ಮೂರನೆಯ ಸಲ ಅವನ ದವಡೆಯ ಹಲ್ಲೊಂದು ಹಾರಿ ಗಿರಾಕಿಯ ತಾಟಿನೊಳಗೆ ಬಿತ್ತು, ಶೇಂಗಾ ಎಂದು ಆತ ಅದನ್ನು ಅಗಿಯಲು ನೋಡಿದ್ದ.

ಐದು ನಿಮಿಷ ಕಳೆದರೆ ಉರಿ ಇಳಿಯುತ್ತಿತ್ತು. ಆಗ ದುರುಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹೊಡೆತ ತಿಂದವನಿಗೆ ಬಿಸಿ ರೊಟ್ಟಿ, ಬೆಣ್ಣೆ ಕೊಟ್ಟು, "ತಪ್ಪಾತಪಾ, ನನಗೇನಾಗೈತೋ ನನಗ ತಿಳೀವಲ್ದು" ಎಂದು ಅಳುತ್ತಿದ್ದಳು.

ಇಷ್ಟರಲ್ಲೇ ಮುಗಿಯಬಹುದಾಗಿದ್ದ ಕಥೆಯನ್ನು ಕೆಡಿಸಿದವನು ಬಸ್ ಕಂಡಕ್ಟರ್ ದಾದೇಸಾಬ. ಮೂರು ದಿನದಿಂದ ಅವನ ಕುತ್ತಿಗೆ ಹಿಡಿದುಕೊಂಡಿತ್ತು. ಎಡಕ್ಕೆ ತಿರುಗಿದ ಮುಖ ಬಲಕ್ಕೆ ಬರುತ್ತಿರಲಿಲ್ಲ. ಅದೇ ಭಂಗಿಯಲ್ಲಿ ಅಂಗಡಿಗೆ ಬಂದು, ದುರುಗವ್ವನ ಹಣೆಯ ಬೆವರನ್ನು ಗಮನಿಸದೆ, "ಯಕ್ಕಾ, ಇವತ್ತ ರೊಟ್ಟಿ ಸ್ವಲ್ಪ ದಪ್ಪ ಆಗ್ಯಾವಲ್ಲ" ಎಂದ.

ಸಿಡಿಲು ಬಿತ್ತು. ದಾದೇಸಾಬ ಒಂದು ಸುತ್ತು ತಿರುಗಿದ. ಟಿಕೆಟ್ ಯಂತ್ರ ಒಂದು ಕಡೆ, ಟೋಪಿ ಇನ್ನೊಂದು ಕಡೆ. ನೆಲದಿಂದ ಎದ್ದವನು ಕುತ್ತಿಗೆಯನ್ನು ಎಡಕ್ಕೆ ಆಡಿಸಿದ, ಬಲಕ್ಕೆ ಆಡಿಸಿದ. ಕಣ್ಣಲ್ಲಿ ನೀರು, ತುಟಿಯಲ್ಲಿ ರಕ್ತ, ಮುಖದಲ್ಲಿ ಪರಮಾನಂದ. "ಯಾ ಅಲ್ಲಾ! ಕುತ್ತಿಗಿ ಬಿಡ್ತು! ಯಕ್ಕಾ, ನಿನ್ನ ಕೈಗುಣ ಭಾರಿ ಐತಿ!"

ಕಂಡಕ್ಟರನ ಬಾಯಿಗೆ ಬಿದ್ದ ಸುದ್ದಿ ಬಸ್ಸು ಹೋದಲ್ಲೆಲ್ಲ ಇಳಿಯುತ್ತದೆ. ಕುಷ್ಟಗಿಯಿಂದ, ಕೊಪ್ಪಳದಿಂದ, ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಚೀಲ ಹೊತ್ತು ಕುತ್ತಿಗೆ ಉಳುಕಿದವರು ಸಾಲಾಗಿ ಬಂದರು. ಮುಟ್ಟು ನಿಂತ ಹೆಂಗಸಿನ ಉರಿಯನ್ನು ವೈದ್ಯವೆಂದು ನಂಬಿ ಕೆನ್ನೆ ಒಡ್ಡುವ ಜನ ಬೇರೆ ಯಾವ ಜಿಲ್ಲೆಯಲ್ಲೂ ಇರಲಾರರು. ಹುಲಗಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೆಂಡತಿಯ ಹಣೆಯನ್ನು, ಮಳೆ ಕಾಯುವವನು ಮೋಡ ನೋಡಿದಂತೆ, ನೋಡುತ್ತ ಕೂರತೊಡಗಿದ. "ಬಂತು! ಬೆವರು ಬಂತು! ಮುಂದಿನವರು ಬರ್ರಿ! ಹಲ್ಲಿನ ಸೆಟ್ ಇದ್ದವರು ತಗದು ಕಿಸೇದಾಗ ಇಟಗೊಳ್ರಿ!"

ಹತ್ತರಲ್ಲಿ ನಾಲ್ಕು ಕುತ್ತಿಗೆ ಬಿಟ್ಟವು. ಉಳಿದ ಆರು ಜನ ನಾಚಿಕೆಗೆ ಏನೂ ಹೇಳದೆ ಮನೆಗೆ ಹೋದರು. ಕೀರ್ತಿ ಬೆಳೆಯಲು ಅಷ್ಟು ಸಾಕಾಯಿತು.

ಈ ಕೀರ್ತಿಯನ್ನು ಒಪ್ಪದ ಒಂದೇ ಜೀವ ಸೊಸೆ ಶೈಲಶ್ರೀ. ಮಗ ದುರುಗೇಶ ಭತ್ತ ಕೊಯ್ಯುವ ಯಂತ್ರ ಓಡಿಸುತ್ತ ಊರೂರು ಅಲೆಯುವವನು. ಮನೆಯಲ್ಲಿ ಹೆಚ್ಚು ಹೊತ್ತು ಅತ್ತೆ ಸೊಸೆ ಇಬ್ಬರೇ. ಬಸುರಿ ಸೊಸೆ ಒಂದು ದಿನ ಹಾಲು ಉಕ್ಕಿಸಿದಳು. ಅದೇ ಗಳಿಗೆಗೆ ಅತ್ತೆಯ ಉರಿಯೂ ಉಕ್ಕಿತು. ಕಾದ ಹಂಚು ಶೈಲಶ್ರೀಯ ಕಿವಿಯ ಪಕ್ಕದಿಂದ ಹಾರಿ ನೀರಿನ ಕೊಡವನ್ನು ಸೀಳಿತು. ಹುಡುಗಿ ಚೀಲ ತುಂಬಿ, ಬಸ್ಸು ಹತ್ತಿ ಗಂಗಾವತಿ ಹತ್ತಿರದ ಮರಳಿ ಎಂಬ ತವರೂರಿಗೆ ಹೋದಳು. ಗಂಡು ಕೂಸು ಅಲ್ಲೇ ಹುಟ್ಟಿತು.

ಹದಿಮೂರನೆಯ ದಿನ ದುರುಗವ್ವ ಮರಳಿಗೆ ಹೋದಳು. ನಮ್ಮ ಕಡೆ ಕೂಸಿಗೆ ಎರೆಯುವುದು ಗಟ್ಟಿ ಕೈಯ ಹಿರಿಯಳ ಹಕ್ಕು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಬಿಸಿನೀರು ಎರೆದರೆ ಎಲುಬು ಗಟ್ಟಿಯಾಗುತ್ತವೆ. ಮೂವತ್ತು ವರ್ಷದಲ್ಲಿ ಓಣಿಯ ಕೂಸುಗಳಿಗೆಲ್ಲ ಎರೆದವಳು ದುರುಗವ್ವ. ಸೀರೆ ಮೊಣಕಾಲಿಗೆ ಏರಿಸಿ, ಕಾಲು ಚಾಚಿ, "ಕೊಡ್ರಿ ಇಲ್ಲಿ ನನ್ನ ಮೊಮ್ಮಗನ್ನ" ಎಂದಳು.

ಶೈಲಶ್ರೀ ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. "ಬ್ಯಾಡ ಅತ್ತಿ. ಎರಿಯಾಕ ಹತ್ತಿದಾಗ ಬೆಂಕಿ ಬಂದರ?"

ದುರುಗವ್ವ ಚಾಚಿದ ಕಾಲುಗಳನ್ನು ಹಾಗೇ ನೋಡುತ್ತ ಕೂತಳು. ಆ ಕೈ ಹೊಡೆದದ್ದು ಎಷ್ಟೋ ಸಲ, ಹೊಡೆತ ತಿಂದದ್ದು ಅದೇ ಮೊದಲು.

"ಐದನೇ ತಿಂಗಳಿಗೆ ಕರಕೊಂಡ ಬರ್ತೀನಿ," ಎಂದಳು ಶೈಲಶ್ರೀ. "ಬಂದ ದಿನ ನೀವು ಯಾರ ಮ್ಯಾಲೆ ಕೈ ಎತ್ತಿದ್ದು ಕಂಡರೂ ಅದ ಬಸ್ಸಿಗೆ ವಾಪಸ್. ಕೂಸು ನಿಮ್ಮ ಕೈಗೆ ಸಿಗಂಗಿಲ್ಲ. ನೀವು ಕೆಟ್ಟವರಂತ ಅಲ್ಲ ಅತ್ತಿ, ನನಗ ಹೆದರಿಕಿ."

ಶೈಲಶ್ರೀಯ ತಾಯಿ ಪಕ್ಕೀರವ್ವ ಹಿತ್ತಲಿಗೆ ಬಂದು ಬೀಗತಿಯ ಕೈಹಿಡಿದಳು. "ನನಗೂ ಹಿಂಗ ಆಗಿತ್ತವ್ವ. ನಾ ಹೊಡೀತಿದ್ದಿಲ್ಲ, ಅಳ್ತಿದ್ದೆ. ಗಂಗಾವತ್ಯಾಗ ಹೇಮಾವತಿ ಅಂತ ಆಯುರ್ವೇದದ ಡಾಕ್ಟರ್ ಅದಾಳ. ನಡೀರಿ ಹೋಗೂಣು."

ಡಾಕ್ಟರ್ ಹೇಮಾವತಿ ಬಿಪಿ ನೋಡಿದಳು, ರಕ್ತ ಪರೀಕ್ಷೆಗೆ ಬರೆದಳು. "ಮುಟ್ಟು ನಿಂತು ಎಷ್ಟ ದಿನ ಆತು?"

"ವರ್ಷದ ಮ್ಯಾಲಾತ್ರಿ."

"ಆಮ್ಯಾಲೆ ರಕ್ತ ಕಂಡೈತೇನು? ಇಲ್ಲ? ಮುಂದ ಯಾವಾಗರ ಕಂಡರ ನನ್ನ ಹತ್ರ ಬರಬ್ಯಾಡ, ಸೀದಾ ದೊಡ್ಡ ದವಾಖಾನಿಗೆ ಹೋಗು. ಒಲಿ ಮುಂದ ಎಷ್ಟ ತಾಸು ಕುಂದರ್ತಿ?"

"ಹತ್ತ ತಾಸು."

"ಚಹಾ?"

"ಒಂಬತ್ತು ಕಪ್ಪು."

"ಖಾರ ಎಷ್ಟು ತಿಂತಿ?"

ದುರುಗವ್ವ ಬೆರಗಾದಳು. "ಖಾರ ಅಂದರ ಊಟ ಅಲ್ಲೇನ್ರಿ?"

"ಒಲ್ಯಾಗೊಂದು ಬೆಂಕಿ, ಹೊಟ್ಟ್ಯಾಗೊಂದು ಬೆಂಕಿ, ಮೈಯಾಗ ಪಿತ್ತ ಕೆರಳಿದ್ದೊಂದು. ಮೂರು ಬೆಂಕಿ ನಡುವ ಕುಂತು ತಂಪಿಲ್ಲ ಅಂದರ ಎಲ್ಲಿಂದ ತರಲಿ?" ಎಂದು ಡಾಕ್ಟರ್ ಹೇಳತೊಡಗಿದಳು. ಕೆಂಪುಖಾರ ಬಿಡಬೇಕು. ಚಹಾ ಎರಡೇ ಕಪ್ಪು. ಜೀರಿಗೆ ಹಾಕಿದ ಮಜ್ಜಿಗೆ, ಹೆಸರುಬೇಳೆ, ಸೋರೆಕಾಯಿ, ಖಾರವಿಲ್ಲದ ಅಗಸಿ ಚಟ್ನಿ, ಎಳ್ಳು. ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಯಬೇಕು. ಮಲಗುವಾಗ ಹಾಲಿನಲ್ಲಿ ಶತಾವರಿ ಪುಡಿ, ಅಂಗಾಲಿಗೆ ತುಪ್ಪ ಹಚ್ಚಿ ಕಂಚಿನ ಬಟ್ಟಲಿನಿಂದ ತಿಕ್ಕುವುದು. ಬೆಳಿಗ್ಗೆ ಎದ್ದು ನಡೆಯುವುದು. "ಉರಿ ಬಂದಾಗ ಎರಡೂ ಕೈ ತಣ್ಣೀರಾಗ ಇಟಗೊಂಡು ಉದ್ದಕ ಉಸರು ಬಿಡು. ಅದು ಬಸ್ ಇದ್ದಂಗ. ಬರ್ತೈತಿ, ನಿಂದರ್ತೈತಿ, ಹೋಗ್ತೈತಿ. ನೀ ಹತ್ತಬ್ಯಾಡ."

"ಪೂರಾ ಹೋಕ್ಕೈತೇನ್ರಿ?"

"ಪವಾಡ ಮಾಡಾಕ ನಾ ಕುಂತಿಲ್ಲವ್ವ. ಎರಡ ಮೂರು ತಿಂಗಳು ಹಿಡದು ಮಾಡು. ಕಡಿಮಿ ಆದೀತು. ಆಗದಿದ್ದರ ಮತ್ತ ಬಾ, ಬ್ಯಾರೆ ಡಾಕ್ಟರಿಗೂ ತೋರಸೂಣು."

ಹೀಗೆ ಯಲಬುರ್ಗಾದಲ್ಲಿ ಮಹಾಯುದ್ಧ ಶುರುವಾಯಿತು. ಒಂದು ಕಡೆ ದುರುಗವ್ವ, ಇನ್ನೊಂದು ಕಡೆ ಮೂವತ್ತು ವರ್ಷದ ನಾಲಿಗೆ. ಮೊದಲ ವಾರ ಸಪ್ಪೆ ಬೇಳೆಯ ತಟ್ಟೆ ಎರಡು ಸಲ ಗೋಡೆಗೆ ಅಪ್ಪಳಿಸಿ ಪ್ರಾಣ ಬಿಟ್ಟಿತು. ಸೋರೆಕಾಯಿಯೊಂದು ಮೊಣಕಾಲಿಗೆ ಸಿಕ್ಕಿ ಎರಡು ತುಂಡಾಯಿತು. ಎರಡನೆಯ ವಾರ ಚಹಾದಂಗಡಿಯ ಯೂಸುಫ ರೂಢಿಯಂತೆ ಮೂರನೆಯ ಕಪ್ಪು ತಂದ. ಕಪ್ಪನ್ನು ತಲೆಯ ಮೇಲೆ ಧರಿಸಿ ಮರಳಿದ. ಆದರೆ ತಟ್ಟೆ ಒಡೆದರೂ ಅವಳು ಹೊಸ ತಟ್ಟೆಯಲ್ಲಿ ಅದೇ ಸಪ್ಪೆ ಬೇಳೆ ಹಾಕಿಕೊಂಡು ಉಂಡಳು. ಮೂರು ಒಲೆಯಲ್ಲಿ ಒಂದನ್ನು ಆರಿಸಿದಳು. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡಳು. ಎರಡನೆಯ ತಿಂಗಳು ಮುಗಿಯುವಾಗ ಏಳೆಂಟು ಸಲದ ಉರಿ ಮೂರಕ್ಕಿಳಿಯಿತು. ಮೂರನೆಯ ತಿಂಗಳು, ಎಷ್ಟೋ ದಿನದ ಮೇಲೆ, ಬೆಳಗಿನವರೆಗೆ ನಿದ್ದೆ ಬಂತು. ಬೆಂಕಿ ಬಂದರೆ ಮೊಣಕೈವರೆಗೆ ಬಕೆಟ್ಟಿನಲ್ಲಿ ಅದ್ದಿ, "ಬಸ್ ಬಂತು... ನಿಂತೈತಿ... ಹೋತು" ಎಂದು ಗೊಣಗುತ್ತಿದ್ದಳು.

ಕುತ್ತಿಗೆಗಳ ಸಾಲಿನಲ್ಲಿ ಹಾಹಾಕಾರ ಎದ್ದಿತು. ಹುಲಗಪ್ಪ ದಿನವೂ "ಇವತ್ತ ಬೆವರಿಲ್ಲರಿ, ನಾಳೆ ಬರ್ರಿ" ಎನ್ನಬೇಕಾಯಿತು. ಊರಲ್ಲಿ ತನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದವರೆಲ್ಲ ಸುಮ್ಮನೆ ದಾಟಿಹೋಗುವುದನ್ನು ಅವನು ತಾಳಲಾರದೆ ಹೋದ.

ಸೊಸೆ ಬರುವ ದಿನ ಬಂತು. ಸಂಜೆ ಬಸ್ಸಿಗೆ ಎಂದು ಫೋನು ಬಂದಿತ್ತು. ಬೆಳಿಗ್ಗೆಯೇ, ಹುಲಗಪ್ಪ ಬರಹೇಳಿದ್ದ ಹದಿನೈದು ಕುತ್ತಿಗೆಗಳು ಕುಷ್ಟಗಿಯಿಂದ ಬಂದಿಳಿದವು, ಮುಂದಾಳು ದಾದೇಸಾಬ. ಅವನ ಕುತ್ತಿಗೆ ಮತ್ತೆ ಹಿಡಿದಿತ್ತು. ಹುಲಗಪ್ಪ ಯೋಚಿಸಿದ: ಮಧ್ಯಾಹ್ನ ಒಂದು ಬೆವರು ತರಿಸಿದರೆ ಸಂಜೆಯೊಳಗೆ ಎಲ್ಲ ಶಾಂತ. ಹೆಂಡತಿಯ ಹೆಸರುಬೇಳೆಯಲ್ಲಿ ನಾಲ್ಕು ಚಮಚ ಕೆಂಪುಖಾರ ಕಲಸಿ ತಟ್ಟೆ ಮುಂದಿಟ್ಟ.

ಎರಡನೆಯ ತುತ್ತಿಗೆ ದುರುಗವ್ವನ ಕೈ ನಿಂತಿತು. ನಾಲ್ಕು ತಿಂಗಳು ಖಾರ ಕಾಣದ ನಾಲಿಗೆ ಅದು. ಮುಖ ಕೆಂಪಾಯಿತು, ಕಿವಿಯಲ್ಲಿ ಗುಯ್ ಎಂದಿತು, ಎದೆಯಿಂದ ಹಳೆಯ ಬೆಂಕಿ ತನ್ನ ಸೈನ್ಯವನ್ನೆಲ್ಲ ಕರೆದುಕೊಂಡು ಎದ್ದಿತು. ಹಣೆಯ ಮೇಲೆ ಬೆವರು.

"ಬಂತು!" ಎಂದು ಹುಲಗಪ್ಪ ಕೂಗಿದ. ಹದಿನೈದು ಕೆನ್ನೆಗಳು ಮುಂದೆ ಬಾಗಿದವು.

"ಏ ದುರುಗೇಶನ ಅಪ್ಪಾ!" ಎಂದು ಅಬ್ಬರಿಸಿ ದುರುಗವ್ವ ಎದ್ದಳು. ಮಣೆ ಉರುಳಿತು. ಹಿಟ್ಟು ಕಲಸುವ ಪರಾತ ಹಾರಿತು. "ನನ್ನ ಊಟದಾಗ ಖಾರ ಹಾಕಿದ್ಯಾ?" ಹುಲಗಪ್ಪ ಓಡಲು ಜಾಗವಿಲ್ಲದೆ ಒಲೆಗೂ ಗೋಡೆಗೂ ನಡುವೆ ಸಿಕ್ಕ. ಬಲಗೈ ಮೋಡದವರೆಗೆ ಏರಿತು.

ಆಗ ಬಾಗಿಲಲ್ಲಿ ಶೈಲಶ್ರೀ ನಿಂತಿದ್ದಳು. ಸಂಜೆಯ ಬಸ್ಸು ಬೇಡವೆಂದು ಮಧ್ಯಾಹ್ನದ್ದಕ್ಕೇ ಬಂದಿದ್ದಳು. ಕಂಕುಳಲ್ಲಿ ಐದು ತಿಂಗಳ ಕೂಸು. ಅವಳು ಬಸ್ಸಿನ ಕಡೆ ತಿರುಗಿದಳು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ದುರುಗವ್ವ ಹಲ್ಲು ಕಚ್ಚಿ, ಅಬ್ಬರಿಸುತ್ತಲೇ, ಎರಡೂ ಕೈಗಳನ್ನು ಬಕೆಟ್ಟಿಗೆ ಅಪ್ಪಳಿಸಿದಳು. ನೀರು ಮಾಳಿಗೆಗೆ ಹಾರಿತು. "ಬಸ್ ಬಂತು..." ಎಂದಳು. ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದಿದ್ದವು. "ನಿಂತೈತಿ..."

ಶೈಲಶ್ರೀಯೂ ನಿಂತಳು.

ಇತ್ತ ಕುಷ್ಟಗಿಯ ಸೈನ್ಯಕ್ಕೆ ಸಹನೆ ತಪ್ಪಿತು. "ಹುಲಗಪ್ಪಣ್ಣಾ, ಕರೆಸಿದಾಂವ ನೀನು, ನೀನರ ಹೊಡಿ!" ಎಂದ ದಾದೇಸಾಬ. ಹುಲಗಪ್ಪ ಹೊಡೆದ. ಎಡಕ್ಕಿದ್ದ ಕುತ್ತಿಗೆ ಇನ್ನೂ ಎಡಕ್ಕೆ ಹೋಯಿತು. ದಾದೇಸಾಬ ಬಡ್ಡಿ ಸಮೇತ ಹಿಂತಿರುಗಿಸಿದ. ತಪ್ಪಿಸಿಕೊಂಡ ಹುಲಗಪ್ಪನ ಬದಲು ಅದು ಹಿಂದಿನವನಿಗೆ ಬಿತ್ತು. ಅವನು ಪಕ್ಕದವನಿಗೆ ದಾಟಿಸಿದ. ಕ್ಷಣದಲ್ಲಿ ಹದಿನೈದು ರೋಗಿಗಳು ಒಬ್ಬರಿಗೊಬ್ಬರು ವೈದ್ಯರಾದರು. ಚಪ್ಪಲಿ, ಬುಟ್ಟಿ, ಇಕ್ಕಳ, ಖಡಕ್ ರೊಟ್ಟಿಗಳು ಚಕ್ರಗಳಂತೆ ಹಾರಿದವು. ಬಿಡಿಸಲು ಬಂದ ಯೂಸುಫನ ಅಂಗಿಯ ಒಂದು ತೋಳು ಯಾರದೋ ಕೈಯಲ್ಲಿ ಉಳಿಯಿತು. ಹುಲಗಪ್ಪನ ಎರಡನೆಯ ದವಡೆಹಲ್ಲು ಮೊದಲನೆಯದರ ದಾರಿ ಹಿಡಿಯಿತು.

ಈ ಕುರುಕ್ಷೇತ್ರದ ಮೂಲೆಯಲ್ಲಿ ದುರುಗವ್ವ ಉದ್ದಕ್ಕೆ ಉಸಿರು ಬಿಟ್ಟು, "ಹೋತು" ಎಂದಳು. ಒದ್ದೆ ಕೈಗಳನ್ನು ಸೆರಗಿನಿಂದ ಒರೆಸಿ ಮುಂದೆ ಚಾಚಿದಳು. ಕೇಳಲಿಲ್ಲ, ಸುಮ್ಮನೆ ಚಾಚಿದಳು.

ಶೈಲಶ್ರೀ ಹತ್ತಿರ ಬಂದು ಅತ್ತೆಯ ಅಂಗೈ ಮುಟ್ಟಿ ನೋಡಿದಳು. "ತಣ್ಣಗೈತಿ," ಎಂದು ಕೂಸನ್ನು ಕೊಟ್ಟಳು. ಕೂಸು ಅಜ್ಜಿಯ ಮುಖವನ್ನು ದಿಟ್ಟಿಸಿ, ಪುಟ್ಟ ಬಲಗೈ ಎತ್ತಿ, ಅವಳ ಕೆನ್ನೆಗೆ ಫಟ್ ಎಂದು ಒಂದೇಟು ಹಾಕಿತು.

ಕಾಳಗ ಒಮ್ಮೆಲೇ ನಿಂತಿತು. ತುಟಿ ಒಡೆದ ದಾದೇಸಾಬ ಎರಡೂ ಕೈ ಮುಗಿದ. "ಯಕ್ಕಾ, ಮೊಮ್ಮಗನ ಕೈಗೆ ಹೋತಲ್ಲ ನಿನ್ನ ಶಕ್ತಿ! ಅಷ್ಟ ದೊಡ್ಡ ಶಕ್ತಿ ಹೆಂಗ ಇಳಿಸಿದಿ? ಯಾವ ಮಂತ್ರ ಅದು?"

"ಮಂತ್ರ ಎಲ್ಲೀದಪಾ, ಮುಟ್ಟು ನಿಂತಿತ್ತು, ಖಾರ ಬಿಟ್ಟೆ," ಎಂದಳು ದುರುಗವ್ವ. "ಸರೀರಿ ಅತ್ತಾಗ, ಕೂಸಿಗೆ ನೀರು ಕಾಸಬೇಕು."