ಮಾದ್ರೈಸನ ಮಡಚದ ಪಾದ

ಸ್ಲಾಮೆತ್ ಬೆಟ್ಟದ ತಪ್ಪಲಿನ ಆ ಹಳ್ಳಿಯಲ್ಲಿ ತೆಂಗಿನ ಹೊಂಬಾಳೆ ಕೊಯ್ದು, ನೀರಾ ಇಳಿಸಿ, ಬೆಲ್ಲ ಕಾಯಿಸಿ ಬದುಕುವ ಮನೆಗಳೇ ಹೆಚ್ಚು. ಮಾದ್ರೈಸನದೂ ಅಂಥದೇ ಮನೆ. ಆಸಾಮಿ ಭಾರೀ ಮುಂಗೋಪಿ. ಮಳೆಗೆ ಪಾಚಿ ಕಟ್ಟಿದೆ, ಆ ಮರ ಹತ್ತಬೇಡ ಅಂದರೆ ಮೊದಲು ಅದನ್ನೇ ಹತ್ತುವವನು. ಮಸೀದಿಯ ಜಗುಲಿಯಲ್ಲಿ, ಚಹಾದಂಗಡಿಯಲ್ಲಿ, ಬೆಲ್ಲ ಕೊಳ್ಳುವವನ ಎದುರಲ್ಲಿ ಅವನು ಜಗಳವಾಡದ ಜಾಗವಿರಲಿಲ್ಲ. ಮರದ ನೆತ್ತಿಯೊಂದು ಮಾತ್ರ ಬೇರೆ. ಅಲ್ಲಿ ಗರಿಗಳ ನಡುವೆ ಕೂತು ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೊಯ್ದು ಬಿದಿರಿನ ಕೊಳವೆ ಕಟ್ಟುವಾಗ ಅವನು ತನ್ನಷ್ಟಕ್ಕೆ ಗುನುಗುತ್ತಿದ್ದ. ಕೆಳಗೆ ಹಾದುಹೋಗುವವರು ಅದನ್ನು ಕೇಳಿ, ಇವತ್ತು ಕಾಂಗ್ ಮಾದ್ರೈಸನ ಹತ್ತಿರ ಏನಾದರೂ ಕೇಳುವುದಿದ್ದರೆ ಅವನು ಇಳಿಯುವ ಮೊದಲೇ ಕೇಳಿಬಿಡಿ ಎಂದು ನಗುತ್ತಿದ್ದರು. ಕಾಂಗ್ ಅಂದರೆ ಅಣ್ಣ; ಅಲ್ಲಿ ಹೆಂಡತಿಯೂ ಗಂಡನನ್ನು ಹಾಗೇ ಕರೆಯುವುದು.

ಮದುವೆಯಾದ ಹೊಸತರಲ್ಲೇ ಅವನೊಮ್ಮೆ ಬಿದ್ದ. ಬಲಗಾಲಿನ ಹರಡು, ಅಂದರೆ ಪಾದದ ಮೇಲಿನ ಗಂಟು, ಪುಡಿಯಾಯಿತು. ನಾಟಿ ಪಂಡಿತ ಬಂದು ಕಾಲನ್ನು ಜಗ್ಗಿ, ಸೊಪ್ಪು ಅರೆದು ಮೆತ್ತಿ, ಬಿದಿರಿನ ದಬ್ಬೆ ಕಟ್ಟಿ ಹೋದ. ಹೆಂಡತಿ ತುರ್ಸಿನಾ ಆ ಹೊತ್ತು ಅಳಲಿಲ್ಲ. ಅವಳ ಅಪ್ಪನೂ ಹೀಗೇ ಬಿದ್ದವನು. ಅವನನ್ನು ಚಾಪೆಯಲ್ಲಿ ಹೊತ್ತು ತಂದಾಗ ಉಸಿರಿರಲಿಲ್ಲ. ಗಂಡ ಉಸಿರಾಡುತ್ತಿದ್ದಾನಲ್ಲ, ಅಷ್ಟು ಸಾಕು ಎಂದುಕೊಂಡಳು. ಮೂಳೆ ಏನೋ ಕೂಡಿತು, ಆದರೆ ಪಾದ ಕೊಂಚ ಹೊರಕ್ಕೆ ವಾಲಿಕೊಂಡೇ ಕೂಡಿತು. ಮಾದ್ರೈಸ್ ಮತ್ತೆ ಮರ ಹತ್ತಿದ.

ವಾಲಿದ ಕಾಲಿನ ಮೇಲೆ ವರ್ಷಗಟ್ಟಲೆ ಹತ್ತಿ ಇಳಿದು ಕೀಲು ಸವೆದುಹೋಯಿತು. ಐವತ್ತು ದಾಟುವ ಹೊತ್ತಿಗೆ ಹರಡು ಸದಾ ಊದಿಕೊಂಡಿರುತ್ತಿತ್ತು. ಬೆಳಿಗ್ಗೆ ಎದ್ದರೆ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕು. ಅಂಗಡಿಯ ನೋವಿನ ಗುಳಿಗೆ ತಿಂದು ತಿಂದು ಹೊಟ್ಟೆ ಕೆಟ್ಟಿತು. ಆದರೂ ಮರ ಬಿಡಲಿಲ್ಲ. ನೋವಿನ ಸಿಟ್ಟನ್ನೆಲ್ಲ ಮನೆಯೊಳಗೆ ಕಾರುತ್ತಿದ್ದ. ತಟ್ಟೆ ಎಸೆಯುವನು, ಕೋಳಿಯನ್ನು ಒದೆಯಲು ಹೋಗಿ ತಾನೇ ಕಿರುಚುವನು. ಕೊನೆಗೆ ತುರ್ಸಿನಾ ಸರ್ಕಾರಿ ಆರೋಗ್ಯ ಕಾರ್ಡು ಹಿಡಿದುಕೊಂಡು ಅವನನ್ನು ಪುರ್ವೊಕೆರ್ತೊ ಪೇಟೆಯ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಮೂಳೆಯ ಡಾಕ್ಟರು ಹೆಸ್ತಿ ಎಂಬ ನಡುವಯಸ್ಸಿನ ಹೆಂಗಸು. ಮಾದ್ರೈಸನನ್ನು ಎಕ್ಸ್‌ರೇಗೆ ಕಳಿಸಿದ್ದಾಗ ತುರ್ಸಿನಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ಹರಡಿನ ಕೀಲು, ಅದರ ಕೆಳಗೆ ಹಿಮ್ಮಡಿಯ ಕೀಲು, ಎರಡೂ ಸವೆದಿವೆ. ಉಳಿದ ಮೆದುಮೂಳೆ ಕೆರೆದು ತೆಗೆದು, ಮೂಳೆಗೆ ಮೂಳೆ ಸೇರಿಸಿ ಸ್ಕ್ರೂ ಬಿಗಿದು ಒಂದೇ ಮಾಡಿಬಿಡಬಹುದು. ಮೂಳೆ ಸರಿಯಾಗಿ ಬೆಸೆದುಕೊಂಡರೆ ನೋವು ಬಹುಪಾಲು ಹೋಗುತ್ತದೆ. ಆದರೆ ಆ ಪಾದ ಇನ್ನು ಮೇಲಕ್ಕೂ ಕೆಳಕ್ಕೂ ಅತ್ತಿತ್ತಲೂ ಮಡಚುವುದಿಲ್ಲ. ಕುಕ್ಕರುಗಾಲಲ್ಲಿ ಕೂರುವುದು, ಇಳಿಜಾರಿನಲ್ಲಿ ನಡೆಯುವುದು ಕಷ್ಟ. ಮರ ಹತ್ತುವುದಂತೂ ಮುಗಿದಂತೆ. ಇನ್ನು ಕೆಲವು ವರ್ಷಕ್ಕೆ ಪಾದದ ಮುಂಭಾಗದ ಕೀಲುಗಳ ಮೇಲೆ ಭಾರ ಬಿದ್ದು ಅವೂ ನೋಯಬಹುದು. ಇಷ್ಟನ್ನೂ ಗಂಡನಿಗೆ ಹೇಳಿ, ಅವರು ಒಪ್ಪಿದರೆ ಬನ್ನಿ ಅಂದರು.

ತುರ್ಸಿನಾ ಗಂಡನಿಗೆ ಹೇಳಿದ್ದು ಒಂದೇ ಮಾತು. ನೋವು ಹೋಗುತ್ತಂತೆ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಹಾಸಿಗೆಯ ಹತ್ತಿರ ಬಂದು, ನಿಮ್ಮ ಹೆಂಡತಿ ಎಲ್ಲ ಹೇಳಿದಾರಲ್ಲ ಎಂದು ಕೇಳಿದರು. ತಿಳಿಯದ ಹಳ್ಳಿಗನನ್ನು ಕೇಳಿದ ಹಾಗೆ ಕೇಳಿದರೆಂದು ಮಾದ್ರೈಸನಿಗೆ ರೇಗಿತು. ಎಲ್ಲ ಗೊತ್ತು ಎಂದು ಮುಖ ತಿರುಗಿಸಿಕೊಂಡ.

ಆಮೇಲೆ ಪ್ಲಾಸ್ಟರು, ಊರುಗೋಲು, ಜಗುಲಿಯ ಬೆಂಚು. ಹೊಗೆ ಸೇದಿದರೆ ಮೂಳೆ ಕೂಡುವುದಿಲ್ಲವೆಂದು ಡಾಕ್ಟರು ಹೇಳಿದ್ದರಿಂದ ತುರ್ಸಿನಾ ಅವನ ಲವಂಗದ ಸಿಗರೇಟುಗಳನ್ನೆಲ್ಲ ಒಲೆಗೆ ಹಾಕಿದಳು. ಅವನು ಬಾಯಿಗೆ ಬಂದಂತೆ ಬೈದ. ಬೈದರೂ ಸೇದಲಿಲ್ಲ, ಬೇಗ ಮರಕ್ಕೆ ಮರಳಬೇಕೆಂಬ ಹಟ ಅವನಿಗೆ. ಅಷ್ಟರವರೆಗೆ ಅವನ ಮರಗಳನ್ನು ನೆರೆಯ ನಾರ್ಕಿಮ್ ಹತ್ತಿ, ನೀರಾದಲ್ಲಿ ಅರ್ಧ ತಾನು ಇಟ್ಟುಕೊಂಡು ಅರ್ಧ ತುರ್ಸಿನಾಳ ಒಲೆಗೆ ಕೊಡುತ್ತಿದ್ದ.

ಮೂಳೆ ಕೂಡಿತು. ಪ್ಲಾಸ್ಟರು ಬಿಚ್ಚಿ, ಊರುಗೋಲೂ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮಾದ್ರೈಸ್ ಹಾಸಿಗೆಯಿಂದ ಎದ್ದು ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂದ. ನೋವಿರಲಿಲ್ಲ. ಕಾಲನ್ನು ನೆಲಕ್ಕೆ ಕುಟ್ಟಿ ನೋಡಿದ. ಆಗಲೂ ಇಲ್ಲ. ಅವತ್ತು ಕೋಳಿಗೆ ತಾನೇ ಕಾಳು ಹಾಕಿದ. ಗಂಡ ನಕ್ಕದ್ದನ್ನು ಕಂಡು ತುರ್ಸಿನಾ ಒಳಗೆ ಹೋಗಿಬಿಟ್ಟಳು.

ಮಾರನೆಯ ದಿನ ಅವನು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಹೆಗಲಿಗೆ ಕೊಳವೆ ನೇತುಹಾಕಿಕೊಂಡು ತೋಟಕ್ಕೆ ನಡೆದ. ಮರದ ಮೈಗೆ ಅವನೇ ಕಡಿದಿದ್ದ ಕಚ್ಚುಗಳಿದ್ದವು. ಎಡಗಾಲು ಮೊದಲ ಕಚ್ಚಿಗೆ ಸರಿಯಾಗಿ ಕೂತಿತು. ಬಲಗಾಲನ್ನು ಎತ್ತಿಟ್ಟರೆ ಅದು ಹಲಗೆಯ ಹಾಗೆ ಕಾಂಡಕ್ಕೆ ತಗುಲಿ ಜಾರಿತು. ಪಾದ ಬಗ್ಗಿ ಮರವನ್ನು ಹಿಡಿಯಲೊಲ್ಲದು. ಓರೆ ಮಾಡಿ ಇಟ್ಟ, ಹೊರಳಿಸಿ ಇಟ್ಟ. ರೋಷಕ್ಕೆ ಬರೀ ತೋಳಿನ ಬಲದಲ್ಲಿ ಎರಡಾಳೆತ್ತರ ಏರಿದ. ಅಲ್ಲಿ ತೋಳು ಸೋತು, ಎದೆ ತರಚಿಕೊಂಡು ಬುಡದವರೆಗೂ ಜಾರಿ ಬಂದ.

ಪಕ್ಕದ ಮರದ ಮೇಲಿದ್ದ ನಾರ್ಕಿಮ್ ದಡಬಡಿಸಿ ಇಳಿದು ಬಂದ. ಎತ್ತಲು ಹೋದವನ ಕೈಯನ್ನು ಮಾದ್ರೈಸ್ ತಳ್ಳಿದ.

"ಯಾಕ್ ಕಾಂಗ್ ಇಂಥಾ ಹುಚ್ಚಾಟ? ನೀನಿನ್ನು ಹತ್ತೋ ಹಾಗಿಲ್ಲ, ಮರ ನಾನೇ ನೋಡ್ಕೋಬೇಕು ಅಂತ ತುರ್ಸಿನಾ ಅಕ್ಕಾನೇ ಹೇಳಿದ್ಲಲ್ಲ."

"ಯಾವಾಗ ಹೇಳಿದ್ಲು?"

ನಾರ್ಕಿಮನಿಗೆ ತಾನು ಆಡಬಾರದ ಮಾತು ಆಡಿದೆನೆಂದು ಆಗ ತಿಳಿಯಿತು. ನೆಲ ನೋಡಿದ. "ನೀನು ಆಸ್ಪತ್ರೆಗೆ ಹೋಗೋಕ್ ಮುಂಚೇನೆ," ಅಂದ.

ಮಾದ್ರೈಸ್ ಮನೆಗೆ ಹೋಗಲಿಲ್ಲ. ತರಚಿದ ಎದೆಯಲ್ಲೇ ವ್ಯಾನು ಹತ್ತಿ ಪೇಟೆಗೆ ಹೋದ. ಆಸ್ಪತ್ರೆಯಲ್ಲಿ ಸರದಿಯವರನ್ನೆಲ್ಲ ದಾಟಿ ಒಳಗೆ ನುಗ್ಗಿ ಡಾಕ್ಟರ ಮೇಜಿನ ಮೇಲೆ ಕತ್ತಿ ಇಟ್ಟ. ನರ್ಸ್ ಹೌಹಾರಿದಳು. ಹೆಸ್ತಿ ಹೆದರಲಿಲ್ಲ. ಅವನನ್ನು ಕೂರಿಸಿ, ಕಾಲು ಒತ್ತಿ ನೋಡಿ, ಹೊಸದಾಗಿ ತೆಗೆಸಿದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡು ಕೀಲು ಇದ್ದ ಕಡೆ ಈಗ ಗೆರೆಯೇ ಇರಲಿಲ್ಲ. ಇದಕ್ಕಿಂತ ಚೆನ್ನಾಗಿ ಕೂಡಲಾರದು, ನೋವಿದೆಯೇ ಎಂದರು. ಇಲ್ಲ ಅಂದ. ಹಾಗೆ ಅನ್ನಬೇಕಾಯಿತಲ್ಲ ಎಂದು ಅವನ ಮೈಯೆಲ್ಲ ಉರಿಯಿತು.

"ಮಾದ್ರೈಸ್ ಅವರೇ, ಮರ ಹತ್ತೋಕಾಗಲ್ಲ ಅಂತ ನಿಮ್ಮ ಹೆಂಡತಿಗೆ ಬಿಡಿಸಿ ಹೇಳಿದ್ದೆ. ನೀವೂ ಎಲ್ಲ ಗೊತ್ತು ಅಂದ್ರಿ."

"ಕಾಲು ಯಾರದು ಡಾಕ್ಟರೇ? ಅವಳದಾ?"

ಡಾಕ್ಟರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. ಆಮೇಲೆ, ನಿಮ್ಮನ್ನೇ ಕೂರಿಸಿಕೊಂಡು ಹೇಳಬೇಕಿತ್ತು, ತಪ್ಪು ನನ್ನದೂ ಇದೆ ಅಂದರು. ಬೆಸೆದ ಮೂಳೆಯನ್ನು ಮತ್ತೆ ಮೊದಲಿನಂತೆ ಬಿಡಿಸಲಾಗುವುದಿಲ್ಲವೆಂದೂ ಹೇಳಿದರು. ಅಡಿ ದುಂಡಗಿರುವ ಒಂದು ಜೊತೆ ಚಪ್ಪಲಿ ಬರೆದುಕೊಟ್ಟರು. ಹಾಕಿಕೊಂಡರೆ ಹೆಜ್ಜೆ ತಾನಾಗಿ ಮುಂದಕ್ಕೆ ಉರುಳುತ್ತದಂತೆ. ತಪ್ಪು ಒಪ್ಪಿಕೊಂಡವರ ಮೇಲೆ ಕೂಗಾಡುವುದು ಹೇಗೆಂದು ತಿಳಿಯದೆ ಮಾದ್ರೈಸ್ ಕತ್ತಿ ಎತ್ತಿಕೊಂಡು ಎದ್ದುಬಂದ.

ಮನೆಯಲ್ಲಿ ತುರ್ಸಿನಾ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕುದಿಯುವ ಬೆಲ್ಲ ತಿರುವುತ್ತಿದ್ದಳು. ನಾರ್ಕಿಮ್ ಆಗಲೇ ಬಂದು ಹೇಳಿ ಹೋಗಿದ್ದ. ಗಂಡ ಬಾಗಿಲಲ್ಲಿ ನಿಂತದ್ದು ತಿಳಿದೂ ಅವಳು ತಿರುಗಲಿಲ್ಲ.

"ನನ್ನ ಕಾಲು ಮಾರ್ಕೊಂಡ್ಯಲ್ಲೇ," ಅಂದ.

"ನಿನ್ನ ಜೀವ ಉಳಿಸ್ಕೊಂಡೆ."

"ನಾನು ಕೇಳಿದ್ನಾ?"

ಆಗ ಅವಳು ಸಟ್ಟುಗ ಕೆಳಗಿಟ್ಟು ಎದ್ದಳು. ಇಷ್ಟು ವರ್ಷ ಅವನ ಕೂಗನ್ನು ನುಂಗಿಕೊಂಡು ಬಂದವಳ ದನಿ ಮೇಲೇರಲಿಲ್ಲ. ಅದೇ ಇನ್ನಷ್ಟು ಕೆಟ್ಟದಾಗಿತ್ತು. "ನನ್ನನ್ಯಾರು ಕೇಳಿದ್ರು ಕಾಂಗ್? ದಿನಾ ಬೆಳಿಗ್ಗೆ ನೀನು ಹೋದ್ಮೇಲೆ ನಾನು ಈ ಒಲೆ ಮುಂದೆ ಕಿವಿ ನೆಟ್ಟು ಕೂತಿರ್ತೀನಿ. ಎಲ್ಲೋ ಕಾಯಿ ಬಿದ್ದ ಸದ್ದಾದ್ರೆ ಅದು ಕಾಯೋ ನೀನೋ ಅಂತ ಎದೆ ಹಿಡ್ಕೊಂಡು ಕೂತಿರ್ತೀನಿ. ಆ ನೋವಿಗೆ ಯಾವ ಡಾಕ್ಟರೂ ಸಿಗಲಿಲ್ಲ. ಹೌದು, ಬೇಕಂತಲೇ ಹೇಳಲಿಲ್ಲ. ಹೇಳಿದ್ರೆ ನೀನು ಬರ್ತಿರಲಿಲ್ಲ. ಬೈಯೋದಿದ್ರೆ ಬೈ."

ಅವನು ಬೈಯಲಿಲ್ಲ. ಅವನ ಸಿಟ್ಟು ಕಂಡವರಿಗೆಲ್ಲ ಇದೇ ಸೋಜಿಗ. ಅವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ. ಬಡಿಸಿದರೆ ಉಂಡ, ಬಡಿಸದಿದ್ದರೆ ಕೇಳಲಿಲ್ಲ. ಇಮಾಮರು ಬುದ್ಧಿ ಹೇಳಲು ಬಂದು, ಕಾಲು ಮಡಚಿ ನಮಾಜಿಗೆ ಕೂರಲಾಗದಿದ್ದರೆ ಕುರ್ಚಿಯ ಮೇಲೆ ಕೂರಬಹುದು, ದೇವರು ಒಪ್ಪುತ್ತಾನೆ ಅಂದರು. ದೇವರು ಒಪ್ಪುತ್ತಾನೆ, ಅವನೂ ನನ್ನನ್ನು ಕೇಳಲಿಲ್ಲ ಎಂದುಬಿಟ್ಟ. ಇಮಾಮರು ಚಹಾ ಕುಡಿಯದೆ ಎದ್ದುಹೋದರು.

ಸಿಟ್ಟಿಗೆ ಏನಾದರೂ ಕೆಲಸ ಬೇಕಲ್ಲ. ಕುಕ್ಕರುಗಾಲಲ್ಲಿ ಕೂರಲಾಗದವನ ಮನೆಯಲ್ಲಿ ನೆಲದ ಒಲೆ ಯಾಕೆಂದು ಒಂದು ದಿನ ಹಾರೆಯಿಂದ ಅದನ್ನು ಒಡೆದುಹಾಕಿದ. ಮಣ್ಣು ಕಲಸಿ, ಹೊಳೆಯ ಕಲ್ಲು ಹೊರಿಸಿ ತಂದು, ಸೊಂಟದೆತ್ತರಕ್ಕೆ ಹೊಸ ಒಲೆ ಕಟ್ಟಿದ. ದುಂಡು ಅಡಿಯ ಚಪ್ಪಲಿ ಮೆಟ್ಟಿ ನಿಂತುಕೊಂಡೇ ಬೆಲ್ಲ ತಿರುವತೊಡಗಿದ. ಇಡೀ ದಿನ ನಿಂತರೂ ಹರಡು ಸುಮ್ಮನಿರುತ್ತಿತ್ತು. ಹೊಳೆಯ ಇಳಿಜಾರಿನಲ್ಲಿ ಮಾತ್ರ ಕೋಲು ಬೇಕು. ಅಲ್ಲಿ ಒಂದೊಂದು ಹೆಜ್ಜೆಗೂ ಅವನು ಗೊಣಗುವುದು ಮೇಲಿನ ದಾರಿಯವರೆಗೆ ಕೇಳುತ್ತಿತ್ತು. ಬೆಳಿಗ್ಗೆ ನಾರ್ಕಿಮ್ ಮರ ಹತ್ತುವ ಹೊತ್ತಿಗೆ ತೋಟದ ಕಡೆಯ ಬಾಗಿಲು ಹಾಕಿಬಿಡುತ್ತಿದ್ದ.

ಒಂದು ವರ್ಷ ಕಳೆದ ಮೇಲೆ ಪಕ್ಕದೂರಿನ ವಿಯಾರ್ಜಾ ಎಂಬ ಮುದುಕ ಕುಂಟುತ್ತ ಬಂದ. ಅವನೂ ಹಿಂದೆ ಮರದಿಂದ ಬಿದ್ದವನೇ, ಅವನಿಗೂ ಹೆಸ್ತಿ ಡಾಕ್ಟರು ಅದೇ ಆಪರೇಷನ್ ಹೇಳಿದ್ದರು. ಮಾಡಿಸಿಕೊಳ್ಳಲೋ ಬೇಡವೋ ಎಂದು ಕೇಳಲು ಬಂದಿದ್ದ. ಮಾದ್ರೈಸ್ ಅವನನ್ನು ಜಗುಲಿಯಲ್ಲಿ ಕೂರಿಸಿ, ಚಪ್ಪಲಿ ಕಳಚಿ ಕಾಲು ತೋರಿಸಿ, ಒಂದನ್ನೂ ಬಿಡದೆ ಹೇಳಿದ. ರಾತ್ರಿ ನಿದ್ದೆ ಬರುತ್ತದೆ, ಗುಳಿಗೆ ಬೇಡ, ಹೊಲಕ್ಕೆ ನಡೆಯಬಹುದು. ಕುಕ್ಕರುಗಾಲಲ್ಲಿ ಕೂರಲಾಗದು, ಕಲ್ಲು ದಾರಿಯಲ್ಲಿ ಪಾದ ಹೊರಳದೆ ಮುಗ್ಗರಿಸುತ್ತದೆ, ಮರದ ಆಸೆ ಬಿಟ್ಟುಬಿಡು. ಹೇಳುತ್ತ ಹೇಳುತ್ತ ದನಿ ಜೋರಾಯಿತು. ಒಳಗಿರುವವಳಿಗೆ ಕೇಳಲಿ ಎಂದೇ ಹೇಳುತ್ತಿದ್ದ.

"ಮತ್ತೆ ಮೊದಲಿಂದ ಅಂದ್ರೆ, ಮಾಡಿಸ್ಕೋತೀಯಾ ನೀನು?" ವಿಯಾರ್ಜಾ ಕೇಳಿದ.

ಮಾದ್ರೈಸ್ ಬಾಗಿಲ ಕಡೆ ನೋಡಿದ. "ಮಾಡಿಸ್ಕೋತಿದ್ನೋ ಏನೋ. ಆ ನೋವು ನೀನೂ ಬಲ್ಲೆ. ಹೂಂ ಅನ್ನೋ ಮಾತು ನನ್ನ ಬಾಯಿಂದ ಬರಬೇಕಿತ್ತು. ಅದನ್ನ ಕಿತ್ಕೊಂಡ್ರು."

"ಹೂಂ ಅಂತಿರಲಿಲ್ಲ ಇವನು," ಒಳಗಿನಿಂದ ತುರ್ಸಿನಾ ಅಂದಳು.

"ಅಂತಿದ್ದೆ ಕಣೇ."

"ಅಂತಿರಲಿಲ್ಲ."

ಒಂದು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ವಿಯಾರ್ಜಾ ಸೋಯಾಕಾಳಿನ ಕರಿದ ತೆಂಪೆ ತಿನ್ನುತ್ತ ಇಬ್ಬರ ಜಗಳವನ್ನೂ ಪೂರ್ತಿ ಕೇಳಿ, ಮನೆಗೆ ಹೋಗಿ ಹೆಂಡತಿಯನ್ನೂ ಕೂರಿಸಿಕೊಂಡು ಯೋಚಿಸುತ್ತೇನೆಂದು ಹೊರಟ. ಮಾದ್ರೈಸನ ಸಿಟ್ಟು ಇಳಿಯಲಿಲ್ಲ. ಕೇಳಿದವರಿಗೆಲ್ಲ ಅವನು ಇವತ್ತಿಗೂ ಹೇಳುತ್ತಾನೆ: ಕಾಲು ನೋಯುವುದಿಲ್ಲ, ಅದು ನಿಜ, ನನ್ನ ಕಾಲಿನ ಮಾತು ನನ್ನ ಬೆನ್ನ ಹಿಂದೆ ಆಡಿದರು, ಅದೂ ನಿಜ. ತುರ್ಸಿನಾಳೂ ಕ್ಷಮೆ ಕೇಳಲಿಲ್ಲ. ಈಗ ಇಬ್ಬರೂ ಆ ಎತ್ತರದ ಒಲೆಯ ಎರಡು ಬದಿಗೆ ನಿಂತು, ಬೆಲ್ಲ ತಳ ಹಿಡಿಯಿತೆಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಕೆಲಸ ಮಾಡುತ್ತಾರೆ.